ಒಂಬತ್ತನೇ ನಂಬರಿನ ಗುಮಾಸ್ತ

ದಿಲೀಪ ಚೆಂಡು ಒದ್ದು ಸಂಬಳ ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ನನಗೆ ಅವನ ಮೇಲೆ ವಿಪರೀತ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೇ ಎಂದು ಈಗಲೂ ಹೇಳುತ್ತೇನೆ. ನಾವೆಲ್ಲ ದಿಲ್ಲಿಯ ಪೀತಮ್‌ಪುರದಿಂದ ಚಾರ್ಟರ್ಡ್ ಬಸ್ಸಿನಲ್ಲಿ ತೂಕಡಿಸುತ್ತ ಐಟಿಓ ಹತ್ತಿರದ ಕಚೇರಿಗೆ ಬಂದು, ಸಂಜೆಯವರೆಗೆ ಫೈಲುಗಳ ಧೂಳು ಕುಡಿಯುತ್ತಿದ್ದೆವು. ಅವನೂ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಚೀಲ ಹೆಗಲಿಗೇರಿಸಿ ದಿಲ್ಲಿ ಗೇಟ್ ಕಡೆಯ ಮೈದಾನಕ್ಕೆ ನಡೆದುಬಿಡುತ್ತಿದ್ದ. ಅವನ ಮೇಜು ನನ್ನ ಮೇಜಿನ ಪಕ್ಕದಲ್ಲಿತ್ತು. ಆರು ವರ್ಷ ಅದರ ಮೇಲೆ ಅವನ ಒದ್ದೆ ಟವೆಲ್ ಬಿಟ್ಟರೆ ಒಂದು ಕಾಗದ ಕೂರಲಿಲ್ಲ. ಅಲ್ಲಿ ಕೂರಬೇಕಾದ ಕಾಗದವೆಲ್ಲ ನನ್ನ ಮೇಜಿನ ಮೇಲೆ ಕೂತಿತ್ತು.

ಹೀಗಿರುವುದು ಅವನ ತಪ್ಪಲ್ಲ, ವ್ಯವಸ್ಥೆಯೇ ಹಾಗೆ. ದಿಲ್ಲಿಯ ಎಷ್ಟೋ ಸರ್ಕಾರಿ ಕಚೇರಿಗಳ ಹಾಗೆ ನಮ್ಮ ಇಲಾಖೆಗೂ ಒಂದು ಫುಟ್‌ಬಾಲ್ ತಂಡವಿತ್ತು. ಆಟಗಾರರನ್ನು ಕ್ರೀಡಾ ಕೋಟಾದಲ್ಲಿ ಗುಮಾಸ್ತರೆಂದು ನೇಮಿಸಿಕೊಳ್ಳುತ್ತಿದ್ದರು. ಗುಮಾಸ್ತಿಕೆ ಹೆಸರಿಗೆ, ಕೆಲಸವೆಂದರೆ ಆಡುವುದು. ಕಾಲು ನಡೆಯುವವರೆಗೆ ಮೈದಾನ, ಆಮೇಲೆ ಅರವತ್ತು ವರ್ಷದವರೆಗೆ ಕುರ್ಚಿ. ದಿಲೀಪನದು ಒಂಬತ್ತನೇ ನಂಬರಿನ ಅಂಗಿ, ಸ್ಟ್ರೈಕರ್. ಅಂದರೆ ಗೋಲು ಹೊಡೆಯಲೆಂದೇ ಸರ್ಕಾರ ಸಂಬಳ ಕೊಟ್ಟು ಸಾಕಿದ ಪ್ರಾಣಿ.

ಅವನ ತಂದೆ ಚಂದ್ರಮೋಹನ ಅರಸೀಕೆರೆ ಕಡೆಯವರು. ಕೇಂದ್ರದ ಒಂದು ಸಚಿವಾಲಯದಲ್ಲಿ ಕಿರಿಯ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿ, ನಮ್ಮ ಹಿಂದಿನ ಬ್ಲಾಕಿನಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲ್ಯಾಟ್ ಮಾಡಿಕೊಂಡಿದ್ದರು. ತಾಯಿ ರತ್ನಪ್ರಭಾ. ಒಬ್ಬನೇ ಮಗ. ದಿಲ್ಲಿಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಿತ್ತು. ಶಾಲೆಯ ಮೈದಾನದಲ್ಲಿ ಕಲಿತ ಆಟ. ಹದಿನೆಂಟಕ್ಕೆಲ್ಲ ಸದರ್ ಬಜಾರಿನ ಬಲ್ಬ್ ವ್ಯಾಪಾರಿಯೊಬ್ಬ ನಡೆಸುತ್ತಿದ್ದ ಕ್ಲಬ್ಬಿಗೆ ದುಡ್ಡು ತೆಗೆದುಕೊಂಡು ಆಡುತ್ತಿದ್ದ. ಎರಡು ಸಾವಿರದ ಇಸವಿಯಲ್ಲಿ ನಮ್ಮ ಇಲಾಖೆ ಅವನನ್ನು ಎತ್ತಿಕೊಂಡಿತು. ಚಂದ್ರಮೋಹನ ಅವತ್ತು ಬ್ಲಾಕಿನ ಮನೆಮನೆಗೂ ಮೈಸೂರ್‌ಪಾಕ್ ಹಂಚಿದರು. ಆ ಮೈಸೂರ್‌ಪಾಕ್ ತಿನ್ನುವಾಗ ಹುಡುಗ ಗೆದ್ದ ಎಂದೇ ಎಲ್ಲರೂ ಅಂದುಕೊಂಡೆವು.

ಅವನ ಆಟವನ್ನು ನಾನು ನೋಡಿದ್ದು ಸೂರ್ಯನಾರಾಯಣ ಸಾಹೇಬರ ಕಾಟಕ್ಕೆ. ಮೈಸೂರಿನವರು, ನಮ್ಮ ಉಪನಿರ್ದೇಶಕರು, ತಂಡದ ಕಾರ್ಯದರ್ಶಿ ಕೂಡ. ಪ್ರತಿ ಜನವರಿಯಲ್ಲಿ ಬೇರೆ ಬೇರೆ ಇಲಾಖೆಗಳ ತಂಡಗಳಿಗೆ ದಿಲ್ಲಿಯಲ್ಲಿ ಟೂರ್ನಮೆಂಟ್ ನಡೆಯುತ್ತದೆ. ಫೈನಲ್ ದಿನ ಕಚೇರಿಗೆ ಅರ್ಧ ದಿನ ರಜೆ, ಎಲ್ಲರೂ ಬಂದು ಕೂಗಬೇಕು. ನಾವು ಹೆಂಗಸರೆಲ್ಲ ಕೂಗುವ ನೆಪದಲ್ಲಿ ದರಿಯಾಗಂಜ್‌ಗೆ ಸೀರೆ ನೋಡಲು ಹೋಗುತ್ತಿದ್ದೆವು. ಒಂದು ವರ್ಷ ಗೇಟಿನಲ್ಲೇ ಸಾಹೇಬರ ಕೈಗೆ ಸಿಕ್ಕಿಬಿದ್ದೆ. "ಇಂದಿರಾ ಅವ್ರೇ, ನಮ್ಮ ಕನ್ನಡದ ಹುಡುಗ ಆಡ್ತಾನೆ, ನೀವೇ ಬರ್ಲಿಲ್ಲ ಅಂದ್ರೆ ಹೇಗೆ?" ಅಂದರು. ಹೋದೆ. ಸಿಮೆಂಟಿನ ಮೆಟ್ಟಿಲಿನ ಮೇಲೆ ಶಾಲು ಹೊದ್ದು ಕೂತೆ.

ಮುಕ್ಕಾಲು ಪಾಲು ಹೊತ್ತು ದಿಲೀಪ ಸುಮ್ಮನೆ ನಿಂತಿದ್ದ. ಎಲ್ಲರೂ ಓಡುತ್ತಿದ್ದಾರೆ, ಇವನು ಎದುರು ತಂಡದ ಒಬ್ಬ ಧಡೂತಿ ಆಳಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ಗಾಳಿ ಸೇವಿಸುತ್ತಿದ್ದಾನೆ. ಇಲ್ಲೂ ಅದೇ ಕೆಲಸಗಳ್ಳತನ ಅಂದುಕೊಂಡೆ. ಕಡಲೆಕಾಯಿ ಸುಲಿಯಲು ತಲೆ ಬಗ್ಗಿಸಿದ್ದೇ ಗದ್ದಲವೆದ್ದಿತು. ತಲೆಯೆತ್ತಿದರೆ ಚೆಂಡು ಬಲೆಯೊಳಗಿದೆ, ಆ ಧಡೂತಿ ಆಳು ಕೆಳಗೆ ಬಿದ್ದಿದ್ದಾನೆ, ದಿಲೀಪ ಎರಡೂ ಕೈ ಚಾಚಿ ನಮ್ಮ ಕಡೆಗೆ ಓಡಿಬರುತ್ತಿದ್ದಾನೆ. ಸೂರ್ಯನಾರಾಯಣ ಸಾಹೇಬರ ಕಣ್ಣಲ್ಲಿ ನೀರು. ನಾನೂ ಎದ್ದು ಕೂಗಿದೆ. ಯಾಕೆ ಕೂಗಿದೆನೋ ಗೊತ್ತಿಲ್ಲ, ಗಂಟಲು ಎರಡು ದಿನ ಕೂತುಹೋಗಿತ್ತು.

ಮಾರನೆಯ ದಿನ ಬಸ್ಸಿನಲ್ಲಿ ಕೇಳಿದೆ. "ಏನೋ, ಅಷ್ಟು ಹೊತ್ತು ಕಂಬದ ಹಾಗೆ ನಿಂತಿದ್ಯಲ್ಲ?"

"ನಿಂತಿರ್ಲಿಲ್ಲ ಆಂಟಿ, ವೇಟ್ ಮಾಡ್ತಿದ್ದೆ. ನನ್ನ ತಡೆಯೋ ಡಿಫೆಂಡರ್ ಇರ್ತಾನಲ್ಲ, ಅವ್ನು ನಾನು ಇದೀನಿ ಅನ್ನೋದೇ ಮರೀಬೇಕು. ಬಸ್, ಒಂದ್ಸಲ ಮರೆತ್ರೆ ಸಾಕು."

ಆಮೇಲೆ ನಾನು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಅವನ ಪಾಲಿನ ಕಾಗದಗಳನ್ನು ಬೈದುಕೊಂಡೇ ಮುಗಿಸಿ ಓಡುತ್ತಿದ್ದೆ. ಸೀರೆ ಅಂಗಡಿಯವರಿಗೆ ನಷ್ಟವಾಗಿರಬೇಕು.

2003ರಲ್ಲಿ ಗೋವಾದ ಒಂದು ಕ್ಲಬ್ಬಿನ ಕೋಚ್ ದಿಲ್ಲಿಗೆ ಬಂದವರು ಅವನ ಆಟ ನೋಡಿ, ನಮ್ಮಲ್ಲಿಗೆ ಬಾ ಎಂದರು. ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡುವ ಕ್ಲಬ್ಬು. ಟಿವಿಯಲ್ಲಿ ಬರುವ ಆಟ. ದಿಲೀಪನಿಗೆ ಆಗ ಇಪ್ಪತ್ತನಾಲ್ಕು. ಅದುವರೆಗೆ ಅವನು ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ. ಇದನ್ನು ಬೇಡಿದ. ಇಲಾಖೆ ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟರೆ ಸಾಕು, ಕೆಲಸವೂ ಉಳಿಯುತ್ತದೆ, ಆಟವೂ ಸಿಗುತ್ತದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಪೂಜಾರಿ ನಮ್ಮವರೇ. ಸೂರ್ಯನಾರಾಯಣ ಸಾಹೇಬರು ಅವನ ಬೆನ್ನು ತಟ್ಟಿ, "ಜನವರಿ ಟೂರ್ನಮೆಂಟ್ ಒಂದು ಮುಗೀಲಿ ಕಣಪ್ಪ. ನೀನಿಲ್ದೆ ತಂಡ ಹೇಗೆ ಇಳಿಸ್ಲಿ? ಆಮೇಲೆ ನಾನೇ ಸ್ಟೇಷನ್‌ಗೆ ಬಂದು ಟ್ರೈನ್ ಹತ್ತಿಸ್ತೀನಿ" ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಿಜವಾಗಿಯೂ ಹತ್ತಿಸುತ್ತಿದ್ದರು. ಗೋವಾದವರೂ ಗೊಣಗಿಕೊಂಡು ಫೆಬ್ರವರಿಯವರೆಗೆ ಕಾಯಲು ಒಪ್ಪಿದರು.

ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವವರು ಸರ್ಕಾರಿ ಗುಮಾಸ್ತರ ಮನೆಯಲ್ಲಿ ಹುಟ್ಟಿದವರಲ್ಲ. ಕತ್ತಲಾದ ಮೇಲೆ ಹಾವು ಅನ್ನದೆ ಹುಳ ಅನ್ನುತ್ತೇವಲ್ಲ, ರಾಜೀನಾಮೆ ಎಂಬ ಪದವನ್ನೂ ನಮ್ಮ ಮನೆಗಳಲ್ಲಿ ಹಾಗೆಯೇ ಬಾಯಿಗೆ ತರುವುದಿಲ್ಲ. ಒಂದು ಸಂಜೆ ಅವರ ಪಾತ್ರೆ ವಾಪಸು ಕೊಡಲು ಹೋಗಿದ್ದಾಗ ದಿಲೀಪ ತಂದೆಯ ಮುಂದೆ ನಿಂತಿದ್ದ. "ಅಪ್ಪ, ರಿಸೈನ್ ಮಾಡಿ ಈಗ್ಲೇ ಹೋಗ್ಬಿಡ್ಲಾ?"

ಚಂದ್ರಮೋಹನ ಕೂಗಾಡಲಿಲ್ಲ. "ನಾನು ಈ ಊರಿಗೆ ಒಂದು ಟ್ರಂಕು ಹಿಡ್ಕೊಂಡು ಬಂದೆ. ಈ ಮನೆ, ನಿನ್ನ ಸ್ಕೂಲು, ನಿನ್ನ ಬೂಟು, ಎಲ್ಲಾ ಆ ಕೆಲಸ ಕೊಟ್ಟಿದ್ದು. ತಾನಾಗಿ ಬಂದ ಸರ್ಕಾರಿ ಕೆಲಸ ಬಿಡೋದು ಅಂದ್ರೆ ಉಣ್ಣೋ ಎಲೆ ತುಳಿದ ಹಾಗೆ. ಮೂರು ತಿಂಗಳು ಕಾಯೋಕೆ ಆಗಲ್ವೇನೋ?" ಅಂದರು. ರತ್ನಪ್ರಭಾ ದೇವರ ದೀಪದ ಬತ್ತಿ ಸರಿಮಾಡುತ್ತಿದ್ದರು. ದಿಲೀಪ ನನ್ನ ಮುಖ ನೋಡಿದ. ನಾನು ಪಾತ್ರೆಯನ್ನು ಅಡಿಗೆಮನೆಯಲ್ಲಿಟ್ಟು ಬಂದೆ. ಹೊರಗಿನವಳು ಏನು ಹೇಳಲಿ? ಕಾಯುವುದಂತೂ ಅವನಿಗೆ ಚೆನ್ನಾಗಿ ಬರುತ್ತಿತ್ತು, ಕಾದ.

ಆ ಜನವರಿಯ ಫೈನಲ್ ದಿನ ಮಂಜು ಮಧ್ಯಾಹ್ನದವರೆಗೂ ಕರಗಲಿಲ್ಲ. ನೆಲ ಹಪ್ಪಳದಂತೆ ಒಣಗಿ ಗಟ್ಟಿಯಾಗಿತ್ತು. ಮೊದಲರ್ಧದಲ್ಲೇ ದಿಲೀಪ ಒಂದು ಗೋಲು ಹೊಡೆದಿದ್ದ. ಎರಡನೆಯ ಅರ್ಧದಲ್ಲಿ ಚೆಂಡು ಹಿಡಿದು ತಿರುಗಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಯಾರೂ ಅವನನ್ನು ಮುಟ್ಟಿರಲಿಲ್ಲ. ಬಿದ್ದವನು ನೆಲಕ್ಕೆ ಹಣೆಯೊತ್ತಿ ಮಲಗಿದ. ನಮ್ಮ ತಂಡ ಗೆದ್ದಿತು. ಕಪ್ಪನ್ನು ಸಾಹೇಬರು ಆಸ್ಪತ್ರೆಗೇ ತಂದು ಅವನ ಹಾಸಿಗೆಯ ಪಕ್ಕ ಇಟ್ಟರು, ಅತ್ತರು.

ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಖರ್ಚಿಗೆ ಇಲಾಖೆಯ ಮಂಜೂರಾತಿ ಬೇಕು. ನಮ್ಮ ಇಲಾಖೆಯ ಮಂಜೂರಾತಿ ಎಷ್ಟು ಬೇಗ ಆಗುತ್ತದೆ ಎಂಬುದು ಇಲಾಖೆಯಲ್ಲಿದ್ದ ನನಗೆ ಗೊತ್ತು. ಮೇಜಿನಿಂದ ಮೇಜಿಗೆ ಹಿಂದೆ ಬಿದ್ದು ಓಡಾಡಿದೆ. ಆದರೂ ಆಪರೇಷನ್ ಆಗುವಷ್ಟರಲ್ಲಿ ಬೇಸಿಗೆ ಬಂತು. ಕಾಲು ನೆಟ್ಟಗಾಯಿತು, ನಡೆದಾಡಿದ, ಓಡಿದ, ಮತ್ತೆ ಮೈದಾನಕ್ಕಿಳಿದ. ತಿರುಗಲು ಮಾತ್ರ ಹೆದರಿದ. ತಿರುಗಲು ಹೆದರುವ ಸ್ಟ್ರೈಕರನನ್ನು ಯಾವ ಡಿಫೆಂಡರ್ ಬೇಕಾದರೂ ಮರೆತುಬಿಡಬಹುದು, ನಷ್ಟವಿಲ್ಲ. ಗೋವಾದವರು ಎಂದೋ ಮರೆತಿದ್ದರು. 2006ರಲ್ಲಿ ಇಲಾಖೆಯೂ ಅವನ ಅಂಗಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಇಪ್ಪತ್ತೇಳನೆಯ ವಯಸ್ಸಿಗೆ ದಿಲೀಪ ಮೊದಲ ಬಾರಿ ತನ್ನ ಮೇಜಿನ ಮುಂದೆ ಕೂತ.

ಅವನಿಗೆ ಕಾಗದ ಮಡಚಲೂ ಬರುತ್ತಿರಲಿಲ್ಲ. ಇನ್ವರ್ಡ್, ಔಟ್‌ವರ್ಡ್, ಫೈಲಿಗೆ ಟ್ಯಾಗ್ ಕಟ್ಟುವುದು, ಟಿಪ್ಪಣಿ ಬರೆಯುವುದು, ಎಲ್ಲವನ್ನೂ ಹೇಳಿಕೊಟ್ಟೆ. ತನಗಿಂತ ಚಿಕ್ಕವರು ಮೇಲಿನ ಹುದ್ದೆಯಿಂದ ಬೈದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಬೈಯುವವರಿಗೆ ನಾನು ತಿರುಗಿ ಬೈಯುತ್ತಿದ್ದೆ. ಹತ್ತು ಗಂಟೆಗೆ ಆಟಗಾರರು ಬಂದು ಸಹಿ ಹಾಕಿ ಚೀಲ ಎತ್ತಿಕೊಂಡು ಹೋಗುವಾಗ ಅವನು ಮಾತ್ರ ಅತ್ತ ನೋಡುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ, ಒಂದು ಹಿಮ್ಮಡಿ ನೆಲದಿಂದೆತ್ತಿ ಕೂರುವುದು ಅವನ ಅಭ್ಯಾಸ. ಯಾರೋ ಚೆಂಡು ಕೊಡುತ್ತಾರೆ ಅನ್ನುವ ಹಾಗೆ.

2008ರ ಮಳೆಗಾಲದಲ್ಲಿ ಹೇಮಂತ್ ನೇಗಿಯ ಅರ್ಜಿ ಬಂತು. ನೇಗಿ ಗಢವಾಲದವನು, ದಿಲೀಪನ ನಂತರ ಒಂಬತ್ತನೇ ನಂಬರಿನ ಅಂಗಿ ಹಾಕಿಕೊಂಡವನು. ಅವನನ್ನೂ ಗೋವಾದ ಇನ್ನೊಂದು ಕ್ಲಬ್ ಕರೆದಿತ್ತು. ಒಂದು ವರ್ಷ ಬಿಟ್ಟುಕೊಡಿ ಎಂದು ಕೇಳಿದ್ದ. ಸಿಬ್ಬಂದಿಯ ಅರ್ಜಿಗಳೆಲ್ಲ ಬರುತ್ತಿದ್ದದ್ದು ಆಗ ದಿಲೀಪನ ಮೇಜಿಗೆ. ನಮ್ಮಲ್ಲಿ ಯಾವ ಅರ್ಜಿಯೂ ಸೀದಾ ಸಾಹೇಬರ ಹತ್ತಿರ ಹೋಗುವುದಿಲ್ಲ. ಎಲ್ಲರಿಗಿಂತ ಕೆಳಗಿನ ಗುಮಾಸ್ತ ಮೊದಲು ಟಿಪ್ಪಣಿ ಬರೆಯಬೇಕು. ಇಂಥದ್ದೇ ಪ್ರಕರಣ ಹಿಂದೆ ಬಂದಿತ್ತೇ, ಆಗ ಏನು ಮಾಡಿದೆವು ಎಂದು ಹುಡುಕಿ ಹೇಳಬೇಕು. ಹಿಂದೆ ಮಾಡಿದ್ದನ್ನೇ ಮುಂದೆ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ಇಂಥದ್ದೇ ಪ್ರಕರಣ ಇಡೀ ಇಲಾಖೆಯಲ್ಲಿ ಇದ್ದದ್ದು ಒಂದೇ. ಅದು ದಿಲೀಪನದು.

ಎರಡು ದಿನ ಅವನು ಊಟದ ಡಬ್ಬಿ ತೆರೆಯಲಿಲ್ಲ. ಬರೆದ, ಹರಿದ, ಮತ್ತೆ ಬರೆದ.

"ಆದೇಶಕ್ಕಾಗಿ ಸಲ್ಲಿಸಿದೆ ಅಂತ ಬರೆದು ಮೇಲೆ ಕಳಿಸು, ಮುಗೀತು. ನಿನಗ್ಯಾಕೆ ಉಸಾಬರಿ?" ಅಂದೆ.

"ಇಲ್ಲ ಆಂಟಿ. ಈ ಸಲ ಸುಮ್ನೆ ನಿಂತ್ಕೊಳಲ್ಲ. ಅವ್ನು ಹೋಗ್ಲೇಬೇಕು. ಜನವರಿವರೆಗೂ ನಿಂತ್ರೆ ಗಯಾ, ಮುಗೀತು."

ಕೊನೆಗೆ ಬರೆದದ್ದನ್ನು ತೋರಿಸಿದ. ಹಿಂದಿನ ಪ್ರಕರಣದಲ್ಲಿ ಆಟಗಾರನನ್ನು ಟೂರ್ನಮೆಂಟಿಗಾಗಿ ತಡೆಹಿಡಿಯಲಾಯಿತು, ಅದೇ ಟೂರ್ನಮೆಂಟಿನಲ್ಲಿ ಅವನ ಮೊಣಕಾಲು ಹೋಯಿತು, ಆಟ ಮುಗಿಯಿತು, ಆದ್ದರಿಂದ ಶ್ರೀ ನೇಗಿ ಅವರನ್ನು ಕೂಡಲೇ ಬಿಟ್ಟುಕೊಡುವುದು ಸೂಕ್ತ ಎಂದಿತ್ತು. ಸರ್ಕಾರಿ ಭಾಷೆಯಲ್ಲಿ ಆಟಗಾರ, ಅವನು ಎಂದು ತನ್ನ ಬಗ್ಗೆಯೇ ಬರೆದುಕೊಂಡಿದ್ದ. ವ್ಯಾಕರಣ ತಿದ್ದಲು ಪೆನ್ನು ಹಿಡಿದವಳು ಕೆಳಗಿಟ್ಟೆ.

ಸಾಹೇಬರು ನಮ್ಮಿಬ್ಬರನ್ನೂ ಒಳಗೆ ಕರೆದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಚಹಾ ತರಿಸಿದರು. ಫೈಲನ್ನು ನಿಧಾನವಾಗಿ ಓದಿದರು.

"ಚೆನ್ನಾಗಿ ಬರ್ದಿದೀಯ ಕಣಪ್ಪ. ಆದ್ರೆ ನಿನ್ನ ಕೇಸೇ ಹೇಳ್ತಾ ಇದೆಯಲ್ಲ, ಆಟಗಾರನನ್ನ ಟೂರ್ನಮೆಂಟ್‌ಗೆ ಉಳಿಸಿಕೊಂಡ್ವಿ, ಇಲಾಖೆ ಗೆಲ್ತು. ಗಾಯ ಆಯ್ತು, ಇಲಾಖೆನೇ ಖರ್ಚು ಕೊಡ್ತು. ಆಡೋಕೆ ಆಗ್ಲಿಲ್ಲ, ಇಲಾಖೆನೇ ಕುರ್ಚಿ ಕೊಡ್ತು. ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?"

"ಸರ್, ನನ್ನ ಆಟ ಹೋಯ್ತಲ್ಲ ಸರ್."

"ಆಗ ನೀನು ಏನಾದ್ರೂ ಬರ್ದು ಕೊಟ್ಟಿದ್ಯಾ? ಒಂದು ಮಾತು? ನೋಡು, ಫೈಲಲ್ಲಿ ಒಂದು ದೂರೂ ಇಲ್ಲ. ದೂರಿಲ್ಲ ಅಂದ್ರೆ ತೃಪ್ತಿ ಅಂತ ತಾನೆ ಅರ್ಥ?"

ನನಗೆ ತಡೆಯಲಾಗಲಿಲ್ಲ. "ಹಾಸಿಗೆ ಮೇಲೆ ಮಲಗಿದ್ದ ಹುಡುಗ ಯಾರ ಮೇಲೆ ದೂರು ಬರೀಬೇಕಿತ್ತು ಸಾರ್? ಪಕ್ಕದಲ್ಲಿ ಕಪ್ಪು ಹಿಡ್ಕೊಂಡು ಅಳ್ತಾ ಕೂತಿದ್ದ ನಿಮ್ಮ ಮೇಲಾ?" ಅಂದೆ.

ಸಾಹೇಬರ ಮುಖ ಚಿಕ್ಕದಾಯಿತು. "ನನ್ನ ಮೇಲೂ ಇದಾರೆ ಇಂದಿರಾ ಅವ್ರೇ. ಸ್ಟ್ರೈಕರ್‌ನ ಬಿಟ್ಟು ಸೋತ್ರೆ ತಂಡಾನೇ ಯಾಕೆ ಬೇಕು ಅಂತಾರೆ. ತಂಡ ಮುಚ್ಚಿದ್ರೆ ಮುಂದೆ ಈ ಹುಡುಗ್ರಿಗೆ ಕೆಲಸ ಎಲ್ಲಿ?" ಎಂದು ಫೈಲಿನ ಮೇಲೆ ಬರೆದರು. ಹಿಂದಿನ ಪ್ರಕರಣದಂತೆ ಟೂರ್ನಮೆಂಟ್ ಮುಗಿದ ಮೇಲೆ ಪರಿಶೀಲಿಸುವುದು. ಅವರ ಮಾತು ಸುಳ್ಳಲ್ಲವೆಂಬುದೇ ನನ್ನನ್ನು ಹೆಚ್ಚು ಉರಿಸಿತು.

ಆ ಉತ್ತರವನ್ನು ನೇಗಿಗೆ ಮುಟ್ಟಿಸುವುದೂ ದಿಲೀಪನ ಪಾಲಿಗೇ ಬಂತು. ಮೈದಾನಕ್ಕೆ ಹೋಗುವಾಗ ನನ್ನನ್ನೂ ಕರೆದ, ಒಬ್ಬನೇ ಹೋಗಲಾರೆ ಎಂದ. ಅಭ್ಯಾಸ ಮುಗಿಸಿ ನೇಗಿ ಬೂಟಿನ ದಾರ ಬಿಚ್ಚುತ್ತಿದ್ದ. ಕಾಗದ ಓದಿ ಮಡಚಿ ಕಾಲುಚೀಲದೊಳಗೆ ಸಿಕ್ಕಿಸಿಕೊಂಡ. ಇಬ್ಬರೂ ಹಿಂದಿಯಲ್ಲೇ ಮಾತಾಡಿದರು.

"ನನ್ನ ಮಾತು ಕೇಳು," ಅಂದ ದಿಲೀಪ, "ಕೆಲಸ ಬಿಡು. ಇವತ್ತೇ ರಾಜೀನಾಮೆ ಬರೆದುಕೊಡು. ಹೋಗು."

ನಮ್ಮ ಮನೆಗಳಲ್ಲಿ ಬಾಯಿಗೆ ತರದ ಆ ಪದವನ್ನು ಅವನು ಆಡಿಯೇಬಿಟ್ಟ. ನೇಗಿ ತಲೆಯೆತ್ತಿ ನೋಡಿದ. ಅಣಕವಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ.

"ನೀವು ಬಿಟ್ಟಿರಾ, ಭಯ್ಯಾ?"

ನೇಗಿಯೇ ಸಮಾಧಾನ ಹೇಳಿದ. ಊರಿನಲ್ಲಿ ತಂದೆ ಈ ನೌಕರಿಯ ಸುದ್ದಿ ಕೇಳಿ ಊರಿಗೆಲ್ಲ ಲಾಡು ಹಂಚಿದ್ದಾರೆ, ಅವರಿಗೆ ಏನು ಹೇಳಲಿ ಎಂದ. ಜನವರಿ ಹೇಗೂ ಬಂದೇ ಬರುತ್ತದೆ ಎಂದ. ನನಗೆ ಮೈಸೂರ್‌ಪಾಕ್ ನೆನಪಾಯಿತು. ವಾಪಸು ಬರುವಾಗ ದಿಲ್ಲಿ ಗೇಟಿನ ರಸ್ತೆ ದಾಟಲು ದಿಲೀಪ ಬಹಳ ಹೊತ್ತು ನಿಂತ. ಕೈ ಹಿಡಿದು ದಾಟಿಸಿದೆ.

ಜನವರಿ ಬಂತು. ಫೈನಲ್ ದಿನ ನಾವಿಬ್ಬರೂ ಅದೇ ಸಿಮೆಂಟ್ ಮೆಟ್ಟಿಲಿನ ಮೇಲೆ ಕೂತೆವು. ದಿಲೀಪ ಚೆಂಡು ನೋಡಲೇ ಇಲ್ಲ. ನೇಗಿಯ ಕಾಲನ್ನೇ ನೋಡುತ್ತಿದ್ದ. ನೇಗಿ ತಿರುಗಿದಾಗಲೆಲ್ಲ ಇವನ ಕೈ ತನ್ನ ಮೊಣಕಾಲಿಗೆ ಹೋಗುತ್ತಿತ್ತು. ಒಮ್ಮೆ ನೇಗಿ ಉರುಳಿಬಿದ್ದಾಗ ದಿಲೀಪ ಅರ್ಧ ಎದ್ದು ನಿಂತ. "ಎದ್ದ ಆಂಟಿ, ಎದ್ದ, ಎದ್ದ" ಎನ್ನುತ್ತ ಕುಸಿದು ಕೂತ. ನೇಗಿ ಎರಡು ಗೋಲು ಹೊಡೆದ. ಇಲಾಖೆ ಗೆದ್ದಿತು. ಸಾಹೇಬರು ಮೈದಾನಕ್ಕೆ ಓಡಿ ನೇಗಿಯನ್ನು ತಬ್ಬಿ ಅತ್ತರು. ಅವನ ಕಾಲಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಅವತ್ತು ಬಸ್ಸಿನಲ್ಲಿ ನಾವು ಹೆಂಗಸರು ಬಟಾಣಿ ಸುಲಿಯುತ್ತಿದ್ದರೆ ದಿಲೀಪನೂ ಒಂದು ಹಿಡಿ ತೆಗೆದುಕೊಂಡು ಸುಲಿದ, ನಕ್ಕ ಕೂಡ. ವರ್ಷಗಳ ಮೇಲೆ ಅವನು ನಕ್ಕದ್ದನ್ನು ಕಂಡೆ.

ಆ ನಗು ಒಂದು ವಾರ ಬಾಳಿತು. ಗೋವಾದಿಂದ ಉತ್ತರ ಬಂತು. ಇಷ್ಟು ಕಾಯಲಾಗಲಿಲ್ಲ, ಹೊರದೇಶದ ಒಬ್ಬ ಸ್ಟ್ರೈಕರನನ್ನು ತೆಗೆದುಕೊಂಡಾಯಿತು, ನಿಮಗೆ ಶುಭವಾಗಲಿ. ನೇಗಿ ಅದನ್ನು ದಿಲೀಪನ ಮೇಜಿನ ಮೇಲಿಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚೀಲ ಎತ್ತಿಕೊಂಡು ಅಭ್ಯಾಸಕ್ಕೆ ಹೋದ. ಇನ್ನೆಲ್ಲಿಗೆ ಹೋಗುತ್ತಾನೆ?

ಫೈಲು ಮುಚ್ಚಬೇಕಿತ್ತು. ಸಾಹೇಬರ ಕೊನೆಯ ಆದೇಶ ಬಂದಿತ್ತು. ಇಂಥ ಎರಡು ಪ್ರಕರಣಗಳಲ್ಲೂ ಆಟಗಾರನನ್ನು ಉಳಿಸಿಕೊಂಡು ಇಲಾಖೆ ಜಯಗಳಿಸಿದೆ, ಮುಂದೆಯೂ ಇದನ್ನೇ ಅನುಸರಿಸುವುದು. ಮೊದಲು ಒಂದಿತ್ತು, ಈಗ ಎರಡಾದವು. ದಿಲೀಪ ನೇಗಿಯ ಕಾಗದಗಳಿಗೆ ತೂತು ಹಾಕಿ, ತನ್ನ ಕಾಗದಗಳ ಮೇಲಿಟ್ಟು ಹಸಿರು ದಾರ ಪೋಣಿಸಿದ. ಕೈ ಅಲ್ಲೇ ನಿಂತಿತು.

"ಆಂಟಿ, ನನ್ನ ಕಾಗದ ಇದ್ರಿಂದ ತೆಗೆದುಬಿಡ್ಲಾ?"

"ತೆಗೆಯೋಕೆ ಬರಲ್ಲ ಕಣೋ. ಪುಟಕ್ಕೆ ನಂಬರ್ ಬಿದ್ದಿದೆ."

"ಮುಂದಿನವನು ಬರ್ತಾನಲ್ಲ. ಅವನ ಅರ್ಜಿನೂ ನನ್ನ ಹತ್ರಾನೇ ಬರುತ್ತೆ."

ನನಗೆ ನಿವೃತ್ತಿಗೆ ಎರಡು ವರ್ಷವಿತ್ತು. ಅವನಿಗೆ ಇನ್ನೂ ಮೂವತ್ತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಎರಡೂ ಪಾದ ನೆಲಕ್ಕೂರಿ ಕೂತು, ದಾರದ ಗಂಟು ಬಿಗಿದ.